ಮಗುವಿನ ಎತ್ತರಕ್ಕೆ ಯಾರ ಅಳತೆಗೋಲು?

2023ರ ಅಕ್ಟೋಬರ್‌ನಲ್ಲಿ ಜಾಗತಿಕ ಹಸಿವಿನ ಸೂಚ್ಯಂಕ ಹೊರಬಿತ್ತು. 125 ದೇಶಗಳ ಪಟ್ಟಿಯಲ್ಲಿ ಭಾರತಕ್ಕೆ 111ನೇ ಸ್ಥಾನ. ನಮ್ಮಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 18.7ರಷ್ಟು ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ ಎಂದು ಅದು ಲೆಕ್ಕ ಕೊಟ್ಟಿತ್ತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅಂಗನವಾಡಿಗಳಿಂದ ಬರುವ ‘ಪೋಷಣ್ ಟ್ರ್ಯಾಕರ್’ ಮಾಹಿತಿಯಂತೆ ಈ ಪ್ರಮಾಣ ಪ್ರತಿ ತಿಂಗಳೂ ಶೇ 7.2ಕ್ಕಿಂತ ಕೆಳಗೇ ಇದೆ ಎಂದು ಉತ್ತರ ಕೊಟ್ಟಿತು. ಇದರ ಬೆನ್ನಿಗೇ ಇನ್ನೊಂದು ಸುದ್ದಿ ಬಂತು. ಬೆಳವಣಿಗೆಯ ಮಾನದಂಡಗಳನ್ನು ಪರಿಶೀಲಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರಚಿಸಿದ್ದ ಸಮಿತಿಯು, ಯಾವ ವಯಸ್ಸಿಗೆ ಎಷ್ಟು ಎತ್ತರ, ತೂಕ ಇರಬೇಕೆಂದು ತೋರಿಸುವ, ದೇಶದ್ದೇ ಆದ ಚಾರ್ಟ್ ರೂಪಿಸುವ ಉದ್ದೇಶದಿಂದ ವ್ಯಾಪಕ ಅಧ್ಯಯನ ನಡೆಸಬೇಕೆಂದು ಶಿಫಾರಸು ಮಾಡಿದೆ ಎಂದು ವರದಿಯಾಯಿತು.

ಈ ಎರಡು ಸುದ್ದಿಗಳು ಓದುಗರ ಮನಸ್ಸಿನಲ್ಲಿ ಕಲಸಿಹೋಗಿವೆ. ‘ವಿದೇಶಿ ಚಾರ್ಟ್ ಹಿಡಿದು ಅಳೆದರೆ 18, ನಮ್ಮ ಚಾರ್ಟ್ ಹಿಡಿದರೆ 7’ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಮೊದಲು ಆ ಗಂಟನ್ನು ಬಿಚ್ಚಬೇಕು.

ಸಂಖ್ಯೆ ಎರಡು, ಚಾರ್ಟ್ ಒಂದೇ

ಹಸಿವಿನ ಸೂಚ್ಯಂಕದ ಲೆಕ್ಕಕ್ಕೆ ಆಧಾರವಾದ ಸಮೀಕ್ಷೆಗಳೂ ಪೋಷಣ್ ಟ್ರ್ಯಾಕರ್ ಕೂಡ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಒಂದೇ ಮಾನದಂಡವನ್ನು. ವ್ಯತ್ಯಾಸ ಬರುವುದು ಯಾವ ಮಕ್ಕಳನ್ನು ಅಳೆದರು, ಯಾರು ಅಳೆದರು, ಯಾವಾಗ ಅಳೆದರು ಎಂಬುದರಿಂದ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತರಬೇತಿ ಪಡೆದ ತಂಡಗಳು ಆಯ್ದ ಮನೆಗಳಿಗೆ ಹೋಗುತ್ತವೆ. ಆ ಮನೆಯ ಮಗು ಅಂಗನವಾಡಿಗೆ ಹೋಗುತ್ತದೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆದರೆ ಇಂಥ ಸಮೀಕ್ಷೆ ನಡೆಯುವುದು ಹಲವು ವರ್ಷಗಳಿಗೊಮ್ಮೆ. ಐದನೇ ಸುತ್ತಿನಲ್ಲಿ ಕರ್ನಾಟಕದ ಮಕ್ಕಳನ್ನು ಅಳೆದದ್ದು ಕೋವಿಡ್‌ಗೂ ಮುಂಚೆ, 2019ರ ಉತ್ತರಾರ್ಧದಲ್ಲಿ. ಪೋಷಣ್ ಟ್ರ್ಯಾಕರ್ 2021ರಲ್ಲಿ ಶುರುವಾದ ಮೊಬೈಲ್ ವ್ಯವಸ್ಥೆ. ಅಂಗನವಾಡಿಯಲ್ಲಿ ಹೆಸರಿರುವ, ಆ ತಿಂಗಳು ಅಳತೆಗೆ ಸಿಕ್ಕ ಮಕ್ಕಳ ಎತ್ತರ, ತೂಕವನ್ನು ಕಾರ್ಯಕರ್ತೆಯೇ ನಮೂದಿಸುತ್ತಾರೆ. ಒಂದು ಮಾದರಿ ಸಮೀಕ್ಷೆ, ಇನ್ನೊಂದು ದಿನನಿತ್ಯದ ಆಡಳಿತದ ದಾಖಲೆ. ಎರಡಕ್ಕೂ ಉಪಯೋಗವಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಸುಳ್ಳೆನ್ನಲು ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಸುಮಾರು ಮೂರನೇ ಒಂದು ಭಾಗ ಅಥವಾ ಅದಕ್ಕೂ ತುಸು ಹೆಚ್ಚು ಎಂದು ಎರಡು ದಾಖಲೆಗಳೂ ಹೇಳುತ್ತವೆ. ಜಗಳವಿರುವುದು ತೂಕದ ಲೆಕ್ಕದಲ್ಲಿ ಮಾತ್ರ. ಎತ್ತರದಲ್ಲಿ ಒಪ್ಪುವ ಎರಡು ದಾಖಲೆಗಳು ತೂಕಕ್ಕೆ ಬಂದಾಗ ಎರಡೂವರೆ ಪಟ್ಟಿಗೂ ಹೆಚ್ಚು ದೂರ ನಿಂತಿವೆ ಎಂದರೆ, ಚಾರ್ಟನ್ನು ದೂರುವ ಮೊದಲು ತಕ್ಕಡಿಯನ್ನೂ ನಮೂದಿನ ರೀತಿಯನ್ನೂ ನೋಡಬೇಕು.

ಪದಗಳ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಅದು ಕುಂಠಿತ ಬೆಳವಣಿಗೆ. ಬಹುಕಾಲದ ಕೊರತೆಯ ಗುರುತು. ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಕೃಶತೆ. ಇತ್ತೀಚಿನ ಹಸಿವು ಅಥವಾ ಕಾಯಿಲೆಯ ಗುರುತು. ವಯಸ್ಸಿಗೆ ತಕ್ಕ ತೂಕವಿಲ್ಲದಿದ್ದರೆ ಕಡಿಮೆ ತೂಕ. ಇದರಲ್ಲಿ ಎರಡೂ ಬೆರೆತಿರುತ್ತವೆ. ಐದನೇ ಸುತ್ತಿನ ಸಮೀಕ್ಷೆಯಲ್ಲಿ ದೇಶದ ಅಂಕಿಗಳು ಕ್ರಮವಾಗಿ ಶೇ 35.5, 19.3 ಮತ್ತು 32.1. ಕರ್ನಾಟಕದ್ದು 35.4, 19.5 ಮತ್ತು 32.9. ನಮ್ಮ ರಾಜ್ಯ ದೇಶದ ಸರಾಸರಿಯ ಪಕ್ಕದಲ್ಲೇ ನಿಂತಿದೆ. ಐಟಿ ರಾಜಧಾನಿಯನ್ನು ಹೊಂದಿರುವ ರಾಜ್ಯಕ್ಕೆ ಇದು ಸಮಾಧಾನದ ಮಾತಲ್ಲ.

ಅಳತೆ ಹಲಗೆಯ ಮೇಲೆ ಒಂದು ಕೂಸು

ಹನ್ನೊಂದು ತಿಂಗಳ ಕೂಸನ್ನು ಸರಿಯಾಗಿ ಅಳೆಯಲು ಇಬ್ಬರು ಬೇಕು. ಎರಡು ವರ್ಷದೊಳಗಿನ ಮಗುವನ್ನು ನಿಲ್ಲಿಸಿ ಅಳೆಯುವಂತಿಲ್ಲ, ಇನ್ಫಾಂಟೋಮೀಟರ್ ಎಂಬ ಹಲಗೆಯ ಮೇಲೆ ಅಂಗಾತ ಮಲಗಿಸಬೇಕು. ಒಬ್ಬರು ತಲೆಯನ್ನು ಎರಡೂ ಕೈಗಳಿಂದ ಹಿಡಿದು ತುದಿಯ ಪಟ್ಟಿಗೆ ತಾಗಿಸಿಕೊಂಡಿರಬೇಕು. ಇನ್ನೊಬ್ಬರು ಮಂಡಿಗಳನ್ನು ಮೆಲ್ಲಗೆ ಒತ್ತಿ ಕಾಲು ನೇರ ಮಾಡಿ, ಜಾರುಪಟ್ಟಿಯನ್ನು ಅಂಗಾಲಿಗೆ ತಂದು, ಅಂಕಿ ಓದಬೇಕು. ಕೂಸು ಅಳುತ್ತದೆ, ಬೆನ್ನು ಬಿಲ್ಲಿನಂತೆ ಎತ್ತುತ್ತದೆ, ಕಾಲು ಮಡಚುತ್ತದೆ. ಜುಟ್ಟು ಕಟ್ಟಿದ್ದರೆ ಅಲ್ಲೇ ಅರ್ಧ ಸೆಂಟಿಮೀಟರ್ ಸೇರಿಕೊಳ್ಳುತ್ತದೆ. ಮಂಡಿ ತುಸು ಮಡಚಿದ್ದರೆ ಒಂದು ಸೆಂಟಿಮೀಟರ್ ಕಳೆದುಹೋಗುತ್ತದೆ.

ಒಂದು ಸೆಂಟಿಮೀಟರ್‌ಗೆ ಏನು ಮಹಾ ಎನಿಸಬಹುದು. ಚಾರ್ಟಿನ ಲೆಕ್ಕ ನೋಡೋಣ. ಹನ್ನೆರಡು ತಿಂಗಳು ತುಂಬಿದ ಹೆಣ್ಣುಮಗುವಿನ ಉದ್ದ 68.9 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅವಳ ಬೆಳವಣಿಗೆ ಕುಂಠಿತವೆಂದು ಲೆಕ್ಕ. ಹದಿಮೂರು ತಿಂಗಳಿಗೆ ಆ ಗೆರೆ 70 ಸೆಂ.ಮೀ. ಆಗುತ್ತದೆ. ಅಂದರೆ 69.5 ಸೆಂ.ಮೀ. ಉದ್ದದ ಮಗು ಹನ್ನೆರಡು ತಿಂಗಳಿನವಳೆಂದು ಬರೆದರೆ ಸರಿ ಇದ್ದಾಳೆ, ಹದಿಮೂರು ತಿಂಗಳಿನವಳೆಂದು ಬರೆದರೆ ಕುಂಠಿತ. ಹುಟ್ಟಿದ ದಿನಾಂಕದಲ್ಲಿ ಒಂದು ತಿಂಗಳು ಹೆಚ್ಚು ಕಡಿಮೆಯಾದರೂ ಮಗುವಿನ ಹಣೆಪಟ್ಟಿ ಬದಲಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಮಲಗಿಸಿ ಅಳೆದಾಗ ಬರುವ ಉದ್ದ, ನಿಲ್ಲಿಸಿ ಅಳೆದಾಗ ಬರುವ ಎತ್ತರಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು. ಒಂದೂವರೆ ವರ್ಷದ ಮಗುವನ್ನು ನಿಲ್ಲಿಸಿ ಅಳೆದು, ಈ 0.7 ಸೇರಿಸುವುದನ್ನು ಮರೆತರೆ, ಅಂಚಿನಲ್ಲಿರುವ ಮಕ್ಕಳೆಲ್ಲ ಗೆರೆಯ ಕೆಳಗೆ ಬೀಳುತ್ತಾರೆ.

ಪೋಷಣ್ ಅಭಿಯಾನದಡಿ ಅಂಗನವಾಡಿಗಳಿಗೆ ಅಳತೆ ಹಲಗೆ, ಎತ್ತರ ಅಳೆಯುವ ಕೋಲು, ತೂಕದ ಯಂತ್ರಗಳನ್ನು ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಕಾರ್ಯಕರ್ತೆ ಮತ್ತು ಸಹಾಯಕಿ ಇಬ್ಬರೇ ಇರುವಲ್ಲಿ, ಒಲೆಯ ಮೇಲೆ ಅನ್ನ, ಎದುರಿಗೆ ಮೂರು ವರ್ಷದ ಮಕ್ಕಳ ಸಾಲು, ಕೈಯಲ್ಲಿ ಮೊಬೈಲ್ ಎಲ್ಲ ಒಟ್ಟಿಗಿದ್ದಾಗ, ಆ ಹಲಗೆಯ ಎರಡೂ ತುದಿಗೆ ಇಬ್ಬರು ಬಿಡುವಾಗಿ ಕೂರುವುದು ಎಷ್ಟು ಬಾರಿ ಸಾಧ್ಯ? ಕಾರ್ಯಕರ್ತೆಯರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅಷ್ಟು ದೊಡ್ಡ ರಾಷ್ಟ್ರೀಯ ವಾದ ನಿಂತಿರುವುದು ಅವರು ಓದಿ ಬರೆಯುವ ಅಂಕಿಯ ಮೇಲೆ ಎಂಬುದನ್ನು ವಾದಿಸುವವರು ಮರೆಯಬಾರದು.

ಚಾರ್ಟ್ ಹುಟ್ಟಿದ ಬಗೆ

ಈಗ ಬಳಕೆಯಲ್ಲಿರುವ ಚಾರ್ಟನ್ನು ‘ವಿದೇಶಿ’ ಎಂದು ಕರೆಯುವುದು ಅರ್ಧ ಸತ್ಯವೂ ಅಲ್ಲ. ಅದಕ್ಕಿಂತ ಹಿಂದಿನದಕ್ಕೆ ಆ ಮಾತು ಒಪ್ಪುತ್ತಿತ್ತು. 1970ರ ದಶಕದಲ್ಲಿ ಅಮೆರಿಕದಲ್ಲಿ ಸಿದ್ಧವಾದ ಆ ಚಾರ್ಟಿನ ಶಿಶುಗಳ ಭಾಗ, ಬಹುಪಾಲು ಬಾಟಲಿ ಹಾಲು ಕುಡಿದು ಬೆಳೆದ ಅಲ್ಲಿನ ಮಕ್ಕಳ ಅಳತೆಯಿಂದ ಬಂದದ್ದು. ಎದೆಹಾಲು ಕುಡಿಯುವ ಕೂಸು ಮೊದಲ ಕೆಲವು ತಿಂಗಳ ನಂತರ ಆ ಚಾರ್ಟಿನಲ್ಲಿ ಹಿಂದೆ ಬಿದ್ದಂತೆ ಕಾಣುತ್ತಿತ್ತು. ‘ನಿನ್ನ ಹಾಲು ಸಾಲುತ್ತಿಲ್ಲ’ ಎಂದು ಬಾಣಂತಿಯರನ್ನು ಹೆದರಿಸಲು ಅದೂ ಒಂದು ನೆಪವಾಗಿತ್ತು.

ಅದನ್ನು ಸರಿಪಡಿಸಲು ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ಕಡೆ ಸುಮಾರು 8,500 ಮಕ್ಕಳನ್ನು ಅಳೆಯಿತು: ಬ್ರೆಜಿಲ್‌ನ ಪೆಲೋಟಾಸ್, ಘಾನಾದ ಅಕ್ರಾ, ನಾರ್ವೆಯ ಓಸ್ಲೊ, ಒಮಾನ್‌ನ ಮಸ್ಕತ್, ಅಮೆರಿಕದ ಡೇವಿಸ್ ಮತ್ತು ನಮ್ಮ ದೆಹಲಿ. ಎದೆಹಾಲು ಕುಡಿದ, ತಾಯಿ ಧೂಮಪಾನ ಮಾಡದ, ಬೆಳವಣಿಗೆಗೆ ಅಡ್ಡಿಯಾಗುವ ಬಡತನ, ಕಾಯಿಲೆಗಳಿಲ್ಲದ ಮನೆಯ ಮಕ್ಕಳನ್ನೇ ಆರಿಸಲಾಯಿತು. ಇದರ ಫಲ ಅಚ್ಚರಿಯದಾಗಿತ್ತು. ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ದೇಶದಿಂದ ದೇಶಕ್ಕಿದ್ದ ಪಾಲು ಕೇವಲ ಶೇ 3. ಒಂದೇ ಊರಿನೊಳಗೆ ಮಗುವಿನಿಂದ ಮಗುವಿಗಿದ್ದ ಪಾಲು ಸುಮಾರು ಶೇ 70. ಓಸ್ಲೊದ ಕೂಸಿಗೂ ದೆಹಲಿಯ ಕೂಸಿಗೂ ಇರುವ ಅಂತರಕ್ಕಿಂತ, ದೆಹಲಿಯ ಒಂದೇ ಬೀದಿಯ ಎರಡು ಕೂಸುಗಳ ಅಂತರ ದೊಡ್ಡದು.

ಈ ಚಾರ್ಟ್ ಹಿಂದಿನವುಗಳಿಂದ ಬೇರೆಯಾಗುವುದು ಇನ್ನೊಂದು ಕಾರಣಕ್ಕೆ. ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಎಂದು ಅದು ಹೇಳುವುದಿಲ್ಲ. ಅನುಕೂಲ ಸಿಕ್ಕರೆ ಹೇಗೆ ಬೆಳೆಯಬಲ್ಲರು ಎಂದು ಹೇಳುತ್ತದೆ. ಹುಟ್ಟಿದಾಗ ಸುಮಾರು 50 ಸೆಂ.ಮೀ. ಇರುವ ಗಂಡುಮಗು ವರ್ಷ ತುಂಬುವಾಗ 75 ದಾಟಿ, ಎರಡಕ್ಕೆ 87ರ ಮೇಲೆ ಹೋಗುವುದು ಅದರ ನಡುರೇಖೆ. ನಡುರೇಖೆಯಿಂದ ಎರಡು ಪ್ರಮಾಣಿತ ವಿಚಲನೆಯಷ್ಟು (ಅಳತೆಗಳು ನಡುವಿನ ಅಂಕಿಯ ಸುತ್ತ ಎಷ್ಟು ಹರಡಿವೆ ಎಂಬುದರ ಲೆಕ್ಕ) ಕೆಳಗಿರುವುದೇ ‘ಕುಂಠಿತ’ದ ಗೆರೆ. ಪೂರ್ತಿ ಆರೋಗ್ಯವಾಗಿರುವ ಮಕ್ಕಳಲ್ಲೂ ನೂರಕ್ಕೆ ಎರಡು ಮೂರು ಮಕ್ಕಳು ಆ ಗೆರೆಯ ಕೆಳಗಿರುತ್ತಾರೆ, ಅದು ಸಹಜ. ನೂರಕ್ಕೆ 35 ಮಕ್ಕಳು ಇರುವುದು ಸಹಜವೇ ಎಂಬುದು ವಿವಾದದ ತಿರುಳು.

ಭಾರತ ಈ ಚಾರ್ಟನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2008ರಲ್ಲಿ. ಅದಕ್ಕೂ ಮೊದಲು ಅಂಗನವಾಡಿಗಳಲ್ಲಿ ಮಕ್ಕಳನ್ನು ತೂಕದ ಮೇಲೆ ಒಂದರಿಂದ ನಾಲ್ಕನೇ ದರ್ಜೆಯವರೆಗೆ ವಿಂಗಡಿಸುತ್ತಿದ್ದರು.

ಚಾರ್ಟ್ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ

2005–06ರ ಮೂರನೇ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಹಳೆಯ ಅಮೆರಿಕನ್ ಚಾರ್ಟ್ ಹೋಗಿ ಹೊಸದು ಬರುತ್ತಿತ್ತು. ಹಾಗಾಗಿ ಮೂರು ವರ್ಷದೊಳಗಿನ ಮಕ್ಕಳ ಒಂದೇ ಅಳತೆಗಳನ್ನು ಎರಡೂ ಚಾರ್ಟಿಗೆ ಹಿಡಿದು ನೋಡಲಾಯಿತು. ಹಳೆಯದರ ಪ್ರಕಾರ ಕುಂಠಿತ ಶೇ 38, ಹೊಸದರ ಪ್ರಕಾರ 45. ಕಡಿಮೆ ತೂಕ ಹಳೆಯದರಲ್ಲಿ ಶೇ 46, ಹೊಸದರಲ್ಲಿ 40. ಒಂದು ಮಗುವೂ ಒಂದು ಕೂದಲೆಳೆಯಷ್ಟು ಬೆಳೆದಿರಲಿಲ್ಲ, ಕುಗ್ಗಿಯೂ ಇರಲಿಲ್ಲ. ಕಾಗದದ ಮೇಲಿನ ಗೆರೆ ಸರಿದದ್ದಕ್ಕೇ ಲಕ್ಷಾಂತರ ಮಕ್ಕಳು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ದಾಟಿದರು.

ಭಾರತೀಯ ಚಾರ್ಟ್ ಬಂದರೆ ಆಗುವುದೂ ಇದೇ. ಗೆರೆ ಕೆಳಗೆ ಸರಿದರೆ ಕುಂಠಿತ ಮಕ್ಕಳ ಸಂಖ್ಯೆ ಒಂದೇ ದಿನದಲ್ಲಿ ಇಳಿಯುತ್ತದೆ. ಆ ಇಳಿಕೆ ಸತ್ಯವನ್ನು ತೋರಿಸುತ್ತದೆಯೋ ಮರೆಮಾಡುತ್ತದೆಯೋ ಎಂಬುದಕ್ಕೆ ಎರಡು ಬಲವಾದ ವಾದಗಳಿವೆ.

‘ನಮ್ಮ ಮಕ್ಕಳ ಮೈಕಟ್ಟೇ ಬೇರೆ’

2013ರಲ್ಲಿ ಅರ್ಥಶಾಸ್ತ್ರಜ್ಞ ಅರವಿಂದ ಪಾನಗರಿಯಾ ಒಂದು ಪ್ರಶ್ನೆ ಎತ್ತಿದರು. ಆಫ್ರಿಕಾದ ಬಹಳಷ್ಟು ಬಡ ದೇಶಗಳಿಗಿಂತ ಭಾರತದಲ್ಲಿ ಶಿಶುಮರಣ ಕಡಿಮೆ, ಸರಾಸರಿ ಆಯುಷ್ಯ ಹೆಚ್ಚು. ಹಾಗಿದ್ದೂ ಕುಂಠಿತ ಮಕ್ಕಳು ಇಲ್ಲೇ ಹೆಚ್ಚು ಎಂದು ಚಾರ್ಟ್ ಹೇಳುತ್ತದೆ. ಬದುಕುಳಿಯುವುದರಲ್ಲಿ ಮುಂದಿರುವ ಮಕ್ಕಳು ಪೋಷಣೆಯಲ್ಲಿ ಮಾತ್ರ ಹಿಂದಿರುವುದು ಹೇಗೆ? ನಮ್ಮ ಜನರ ಆನುವಂಶಿಕ ಎತ್ತರವೇ ಕಡಿಮೆಯಿರಬಹುದು, ತಪ್ಪು ಅಳತೆಗೋಲಿನದು ಎಂಬುದು ಅವರ ನಿಲುವು.

ವೈದ್ಯ ವಿಜ್ಞಾನಿಗಳ ಕಡೆಯಿಂದಲೂ ಆಕ್ಷೇಪ ಬಂದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪೋಷಣಾ ವಿಜ್ಞಾನಿ ಅನುರಾ ಕುರ್ಪಾಡ್, ದೆಹಲಿಯ ಮಕ್ಕಳ ತಜ್ಞ ಎಚ್.ಪಿ.ಎಸ್. ಸಚ್‌ದೇವ್ ಮೊದಲಾದವರು ಈಗಿನ ಚಾರ್ಟ್ ಅಪೌಷ್ಟಿಕತೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತಿದೆ ಎಂದು ವಾದಿಸುತ್ತ ಬಂದಿದ್ದಾರೆ. ಅವರ ಆತಂಕ ಪ್ರಾಯೋಗಿಕವಾದದ್ದು, ಅದನ್ನು ಹಗುರವಾಗಿ ನೋಡಬಾರದು. ಗಿಡ್ಡಗಿದ್ದರೂ ಆರೋಗ್ಯವಾಗಿರುವ ಮಗುವಿಗೆ ‘ಅಪೌಷ್ಟಿಕ’ ಎಂಬ ಪಟ್ಟಿ ಕಟ್ಟಿ ಹೆಚ್ಚು ಹೆಚ್ಚು ಅಕ್ಕಿ, ಸಕ್ಕರೆ, ಎಣ್ಣೆ ಉಣಿಸಿದರೆ ಎತ್ತರ ಬೆಳೆಯುವ ಬದಲು ಕೊಬ್ಬು ಬೆಳೆಯಬಹುದು. ಮಧುಮೇಹ ಮನೆಮನೆಯ ಕಾಯಿಲೆಯಾಗಿರುವ ದೇಶದಲ್ಲಿ ಅದು ಸಣ್ಣ ಅಪಾಯವಲ್ಲ.

ತಾಯಿಯ ಎತ್ತರದ ಪ್ರಶ್ನೆಯೂ ಇದೆ. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ. ಚಾರ್ಟಿಗಾಗಿ ಮಕ್ಕಳನ್ನು ಅಳೆದ ದಕ್ಷಿಣ ದೆಹಲಿಯ ಅನುಕೂಲಸ್ಥ ಮನೆಗಳ ತಾಯಂದಿರು ಅದಕ್ಕಿಂತ ಎತ್ತರದವರು. ಗಿಡ್ಡಗಿರುವ ತಾಯಿಯ ಮಗು ಒಂದೇ ತಲೆಮಾರಿನಲ್ಲಿ ಆ ಚಾರ್ಟಿಗೆ ಏರಬೇಕೆಂದು ಬಯಸುವುದು ನ್ಯಾಯವೇ ಎಂದು ಈ ಬಣ ಕೇಳುತ್ತದೆ.

ವಂಶವಾಹಿ ಒಂದೇ ಆದರೆ ಯಾದಗಿರಿ ಯಾಕೆ ಬೇರೆ?

ಇದಕ್ಕೆ ಎದುರು ನಿಲ್ಲುವ ಸಂಗತಿಗಳನ್ನು ತೂಗಿದರೆ, ಈ ಲೇಖನದ ಅಭಿಪ್ರಾಯದಲ್ಲಿ ಅವೇ ಭಾರವಾಗುತ್ತವೆ.

ಐದನೇ ಸಮೀಕ್ಷೆಯಲ್ಲಿ ದೇಶದ ಕಡುಬಡ ಐದನೇ ಒಂದು ಭಾಗದ ಮನೆಗಳಲ್ಲಿ ಕುಂಠಿತ ಮಕ್ಕಳು ಶೇ 46. ಅತಿ ಸ್ಥಿತಿವಂತ ಐದನೇ ಒಂದು ಭಾಗದಲ್ಲಿ ಶೇ 23. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಗೆರೆಯ ಕೆಳಗಿದ್ದಾರೆ, ಕೇರಳದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಮಗುವಿನ ಎತ್ತರ ಮುಖ್ಯವಾಗಿ ರಕ್ತದಿಂದ ಬರುವುದಾದರೆ ಅದು ಮನೆಯ ಹಣದ ಪೆಟ್ಟಿಗೆಯನ್ನು ನೋಡಿ ಇಷ್ಟು ಏರಿಳಿಯುವುದಿಲ್ಲ. ಸ್ಥಿತಿವಂತರಲ್ಲೂ ಶೇ 23 ಇದೆಯಲ್ಲ ಎಂದು ಮೊದಲ ಬಣ ಕೇಳುತ್ತದೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಸಮೀಕ್ಷೆಯ ಲೆಕ್ಕದ ‘ಸ್ಥಿತಿವಂತ’ ಮನೆ ಎಂದರೆ ಟಿ.ವಿ., ಫ್ರಿಜ್, ಬೈಕ್ ಇರುವ ಮನೆ. ಅಲ್ಲಿನ ಸೊಸೆಗೆ ರಕ್ತಹೀನತೆ ಇರಬಹುದು, ನಲ್ಲಿಯ ನೀರಿನಲ್ಲಿ ಕೊಳೆ ಇರಬಹುದು. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಶೇ 52ಕ್ಕೆ, ರಕ್ತಹೀನತೆಯಿದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ.

ಎರಡನೆಯದು, ಮನೆಯೊಳಗಿನ ವ್ಯತ್ಯಾಸ. ಅರ್ಥಶಾಸ್ತ್ರಜ್ಞೆಯರಾದ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಚೊಚ್ಚಲ ಗಂಡುಮಕ್ಕಳು ಆಫ್ರಿಕಾದ ಚೊಚ್ಚಲ ಗಂಡುಮಕ್ಕಳಿಗಿಂತ ಗಿಡ್ಡಗಿಲ್ಲ ಎಂದು ಕಂಡುಬಂತು. ಎರಡನೇ ಮಗುವಿನಿಂದ ಹಿಂದೆ ಬೀಳುವುದು ಶುರು; ಮೂರನೆಯದಕ್ಕೆ ಅಂತರ ಇನ್ನೂ ಹೆಚ್ಚು. ತಂದೆ ತಾಯಿ ಅವರೇ, ವಂಶವಾಹಿಯೂ ಅದೇ. ಬದಲಾದದ್ದು ಬಸಿರಿನಲ್ಲಿ ತಾಯಿಗೆ ಸಿಕ್ಕ ಆರೈಕೆ ಮತ್ತು ಹುಟ್ಟಿದ ಮೇಲೆ ಮಗುವಿಗೆ ಸಿಕ್ಕ ತುತ್ತು. ಈ ಅಧ್ಯಯನ ಪಾನಗರಿಯಾ ಅವರ ಒಗಟಿಗೇ ನೇರ ಉತ್ತರ.

ಬಯಲು ಶೌಚದ ಕಡೆಗೂ ಹಲವು ಸಂಶೋಧಕರು ಬೆರಳು ತೋರಿದ್ದಾರೆ. ಅಂಬೆಗಾಲಿಡುವ ಮಗು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಮೇಲಿಂದ ಮೇಲೆ ಕರುಳಿಗೆ ಸೋಂಕು ತಗುಲಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಜನ ಒತ್ತೊತ್ತಾಗಿರುವ ಕಡೆ ಈ ಅಪಾಯ ಇನ್ನೂ ಹೆಚ್ಚು, ಭಾರತ ಮತ್ತು ಆಫ್ರಿಕಾಗಳ ನಡುವಿನ ವ್ಯತ್ಯಾಸಕ್ಕೆ ಇದೂ ಒಂದು ವಿವರಣೆ.

ಮೂರನೆಯದು ಕಾಲದ ಸಾಕ್ಷಿ. ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂ.ಮೀ. ಹೆಚ್ಚಿತು. ನೂರು ವರ್ಷದಲ್ಲಿ ಒಂದು ಜನಾಂಗದ ವಂಶವಾಹಿ ಬದಲಾಗುವುದಿಲ್ಲ, ಊಟ ಮತ್ತು ಆರೋಗ್ಯ ಬದಲಾಗುತ್ತವೆ. ಇಂಗ್ಲೆಂಡಿನಲ್ಲಿ ಭಾರತೀಯ ಮೂಲದವರಿಗೆ ಹುಟ್ಟಿದ ಮಕ್ಕಳ ಅಳತೆಗಳೂ ಇದನ್ನೇ ಹೇಳುತ್ತವೆ: ತಂದೆ ತಾಯಿ ಅಲ್ಲಿನವರಿಗಿಂತ ಗಿಡ್ಡಗಿದ್ದರೂ, ಮೊದಲ ಐದು ವರ್ಷಗಳಲ್ಲಿ ಮಕ್ಕಳು ಅಲ್ಲಿನ ಓರಗೆಯವರ ಸಮಕ್ಕೆ ಬೆಳೆಯುತ್ತಾರೆ. ತಾಯಿಯ ಎತ್ತರ ಮಗುವನ್ನು ಪ್ರಭಾವಿಸುತ್ತದೆ, ನಿಜ. ಆದರೆ ಆ ತಾಯಿ ಗಿಡ್ಡಗಿರುವುದೂ ಅವಳ ಬಾಲ್ಯದ ಹಸಿವಿನ ಗುರುತೇ ಆಗಿದ್ದರೆ, ಅದನ್ನೇ ‘ಭಾರತೀಯ ಸಹಜತೆ’ ಎಂದು ಚಾರ್ಟಿನಲ್ಲಿ ಅಚ್ಚು ಹಾಕಿದಂತಾಗುತ್ತದೆ. ಅಜ್ಜಿಯ ಬಡತನವನ್ನು ಮೊಮ್ಮಗಳ ಮಾನದಂಡ ಮಾಡುವುದು ಎಂಥ ನ್ಯಾಯ?

ಒಂದು ಚುಕ್ಕೆ ಹೇಳದ ಮಾತು

ಟೀಕಾಕಾರರ ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪಬೇಕು. ಈ ಗೆರೆ ಒಂದು ನಾಡಿನ ಮಕ್ಕಳ ಸ್ಥಿತಿಯನ್ನು ಅರಿಯಲು ಚೆನ್ನಾದ ಸಾಧನ, ಒಂದೊಂದು ಮಗುವಿನ ಕಾಯಿಲೆ ಹೇಳುವ ಸಾಧನವಲ್ಲ. ಹುಟ್ಟಿನಿಂದಲೂ ಕೆಳಗಿನ ಗೆರೆಯ ಪಕ್ಕದಲ್ಲೇ, ಆದರೆ ಅದಕ್ಕೆ ಸಮಾನಾಂತರವಾಗಿ ಏರುತ್ತಿರುವ ಮಗು ಚೆನ್ನಾಗಿಯೇ ಬೆಳೆಯುತ್ತಿರಬಹುದು. ನಡುರೇಖೆಯ ಮೇಲಿದ್ದ ಮಗು ಏಳನೇ ತಿಂಗಳಿಂದ ಹತ್ತನೇ ತಿಂಗಳಿಗೆ ಮಟ್ಟಸವಾಗಿ ಚಲಿಸಿದರೆ, ಇನ್ನೂ ಗೆರೆಯ ಮೇಲೇ ಇದ್ದರೂ, ಏನೋ ತೊಡಕಾಗಿದೆ. ತಾಯಿ ಕಾರ್ಡಿನ ಚಾರ್ಟಿನಲ್ಲಿ ತಿಂಗಳು ತಿಂಗಳು ಚುಕ್ಕೆ ಇಟ್ಟು ಗೆರೆ ಎಳೆಯುವುದು ಇದಕ್ಕಾಗಿಯೇ. ಒಂದು ಚುಕ್ಕೆಗೆ ಅರ್ಥವಿಲ್ಲ, ಗೆರೆಯ ಓರೆಗೆ ಅರ್ಥವಿದೆ.

ನಗರದ ಪೋಷಕರೂ, ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡದ ಕುಟುಂಬಗಳೂ ಈ ಮಾತನ್ನು ಕೇಳಿಸಿಕೊಳ್ಳಬೇಕು. ಮಗು ‘ಇಪ್ಪತ್ತನೇ ಪರ್ಸೆಂಟೈಲ್’ ಎಂದರೆ ನೂರಕ್ಕೆ ಇಪ್ಪತ್ತು ಅಂಕ ಎಂದಲ್ಲ. ನೂರು ಆರೋಗ್ಯವಂತ ಮಕ್ಕಳನ್ನು ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಲ್ಲಿಸಿದರೆ ಇಪ್ಪತ್ತನೆಯ ಜಾಗ ಎಂದಷ್ಟೇ ಅರ್ಥ. ಅದು ಆರೋಗ್ಯವಂತರ ಸಾಲು. ಅಮೆರಿಕದಲ್ಲೂ ಎರಡು ವರ್ಷದವರೆಗೆ ವೈದ್ಯರಿಗೆ ಸೂಚಿಸಿರುವುದು ಇದೇ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್. ನಮ್ಮ ಮಕ್ಕಳ ವೈದ್ಯರ ಸಂಘವಾದ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಭಾರತದ್ದೇ ಚಾರ್ಟ್ ತಂದದ್ದು ಐದರಿಂದ 18 ವರ್ಷದವರಿಗೆ ಮಾತ್ರ. ಐದರೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆಯದನ್ನೇ ಉಳಿಸಿಕೊಂಡಿತು. ಪುಟ್ಟ ಮಕ್ಕಳ ಬೆಳವಣಿಗೆಯಲ್ಲಿ ಆಹಾರ, ಆರೋಗ್ಯಗಳದ್ದೇ ಮೇಲುಗೈ, ದೊಡ್ಡವರಾದಂತೆ ವಂಶದ ಪ್ರಭಾವ ಹೆಚ್ಚು ಕಾಣುತ್ತದೆ ಎಂಬ ತಿಳಿವಳಿಕೆಗೆ ಈ ವಿಭಾಗ ಒಪ್ಪುತ್ತದೆ.

ನಡಿಗೆಯ ವಿಷಯವೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ಶುರುಮಾಡಿದ್ದು 8.2 ತಿಂಗಳಿನಿಂದ 17.6 ತಿಂಗಳವರೆಗಿನ ಯಾವುದೋ ಹೊತ್ತಿನಲ್ಲಿ. ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತೆಂದು ಹದಿಮೂರು ತಿಂಗಳ ನಮ್ಮದನ್ನು ವಾಕರ್‌ಗೆ ಕಟ್ಟಬೇಕಾಗಿಲ್ಲ.

ಗೆರೆ ಇಳಿದರೆ ಯಾರ ತಟ್ಟೆ ಇಳಿಯುತ್ತದೆ?

ಚಾರ್ಟ್ ಬರೀ ಅಂಕಿಯ ವಿಷಯವಾಗಿದ್ದರೆ ತಜ್ಞರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಅದು ಊಟದ ವಿಷಯವೂ ಹೌದು. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಕಿಲೊಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ನಿಗದಿ ಮಾಡಿತ್ತು. ಅಪೌಷ್ಟಿಕ ಮಗುವಿಗೆ 800 ಕಿಲೊಕ್ಯಾಲರಿ, 20ರಿಂದ 25 ಗ್ರಾಂ. 2017ರಲ್ಲಿ ನಿಗದಿಯಾದ ದರ ಸಾಮಾನ್ಯ ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕ ಮಗುವಿಗೆ 12 ರೂಪಾಯಿ. ಯಾರು ಯಾವ ಗುಂಪು ಎಂದು ತೀರ್ಮಾನಿಸುವುದು ತೂಕದ ಗೆರೆ. ಎತ್ತರದ ಚಾರ್ಟ್ ಬದಲಾದರೆ ತೂಕದ ಚಾರ್ಟೂ ಜೊತೆಗೇ ಬದಲಾಗುತ್ತದೆ. ಗೆರೆ ಇಳಿದ ದಿನ, ನಿನ್ನೆಯವರೆಗೆ 12 ರೂಪಾಯಿಯ ಪಟ್ಟಿಯಲ್ಲಿದ್ದ ಎಷ್ಟೋ ಮಕ್ಕಳು 8 ರೂಪಾಯಿಯ ಪಟ್ಟಿಗೆ ಬರುತ್ತಾರೆ. ಅವರ ತೋಳು ನಿನ್ನೆಯಷ್ಟೇ ಸಣ್ಣಗಿರುತ್ತದೆ.

ಮುಂದಿನ ಪರಿಣಾಮವೂ ಇದೆ. ಹಳೆಯ ಸಮೀಕ್ಷೆಗಳೊಡನೆ ಹೋಲಿಸುವ ದಾರಿ ಕಡಿದುಹೋಗುತ್ತದೆ. ನಾಲ್ಕನೇ ಸುತ್ತಿನಿಂದ ಐದನೇ ಸುತ್ತಿಗೆ ದೇಶದ ಕುಂಠಿತದ ಪ್ರಮಾಣ 38.4ರಿಂದ 35.5ಕ್ಕೆ ಇಳಿಯಿತು. ನಿಧಾನ, ಆದರೆ ನಿಜವಾದ ಇಳಿಕೆ. ಚಾರ್ಟ್ ಬದಲಿಸಿದ ಮೇಲೆ ಬರುವ ಇಳಿಕೆಯಲ್ಲಿ ನಿಜವಾದದ್ದೆಷ್ಟು, ಕಾಗದದ್ದೆಷ್ಟು ಎಂದು ಬಿಡಿಸಲು ಎರಡೂ ಲೆಕ್ಕಗಳನ್ನು ಜೊತೆಜೊತೆಗೆ ಪ್ರಕಟಿಸಬೇಕಾಗುತ್ತದೆ. ಹೊಸ ಚಾರ್ಟ್ ತರುವವರು ಕನಿಷ್ಠ ಈ ಮಾತನ್ನಾದರೂ ಮೊದಲೇ ಕೊಡಬೇಕು.

ಅಂಗನವಾಡಿಗೆ ಬಾರದ ವಯಸ್ಸು

ಈ ಎಲ್ಲ ಗದ್ದಲದ ನಡುವೆ ಸದ್ದಿಲ್ಲದೆ ಉಳಿದಿರುವ ಸಂಗತಿ ಇನ್ನೊಂದಿದೆ. ಕುಂಠಿತ ಬೆಳವಣಿಗೆ ಎಲ್ಲ ವಯಸ್ಸಿನಲ್ಲೂ ಸಮನಾಗಿ ಶುರುವಾಗುವುದಿಲ್ಲ. ಒಂದಷ್ಟು ಗರ್ಭದಲ್ಲೇ ಆಗಿರುತ್ತದೆ; ನಮ್ಮಲ್ಲಿ ಸುಮಾರು ಶೇ 18ರಷ್ಟು ಶಿಶುಗಳು ಎರಡೂವರೆ ಕಿಲೊಗಿಂತ ಕಡಿಮೆ ತೂಕದಲ್ಲಿ ಹುಟ್ಟುತ್ತವೆ. ಉಳಿದದ್ದರಲ್ಲಿ ದೊಡ್ಡ ಪಾಲು ಆರನೇ ತಿಂಗಳಿಂದ ಎರಡನೇ ವರ್ಷದೊಳಗೆ, ಎದೆಹಾಲಿನ ಜೊತೆಗೆ ಊಟ ಶುರುವಾಗುವ ಹೊತ್ತಿನಲ್ಲಿ. ವಂಶವೇ ಕಾರಣವಾಗಿದ್ದರೆ ಈ ಒಂದೂವರೆ ವರ್ಷದಲ್ಲಿ ಮಾತ್ರ ಗೆರೆ ಹೀಗೆ ಜಾರುವುದೇಕೆ?

ಆ ವಯಸ್ಸಿನ ಮಕ್ಕಳ ತಟ್ಟೆಯಲ್ಲಿ ಏನಿದೆ ಎಂದು ಸಮೀಕ್ಷೆ ಕೇಳಿತು. ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಾರಿ, ಸಾಕಷ್ಟು ಬಗೆಯ ಆಹಾರ ಸಿಗುತ್ತಿದ್ದದ್ದು ನೂರಕ್ಕೆ 11 ಮಕ್ಕಳಿಗೆ ಮಾತ್ರ. ಮೊದಲ ಆರು ತಿಂಗಳು ಎದೆಹಾಲಷ್ಟನ್ನೇ ಕೊಡುವವರು ಶೇ 64ರಷ್ಟಿದ್ದಾರೆ, ಅಲ್ಲಿ ಸುಧಾರಣೆ ಕಾಣುತ್ತಿದೆ. ಸೋಲುತ್ತಿರುವುದು ಏಳನೇ ತಿಂಗಳಿನಿಂದ. ನಮ್ಮ ಕಡೆ ರಾಗಿ ಸರಿ ಇದೆ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ್ದಾದರೆ ಒಳ್ಳೆಯ ಆಹಾರವೇ. ಆದರೆ ಅದನ್ನೇ ನೀರು ನೀರಾಗಿ ಮಾಡಿ ದಿನಕ್ಕೆ ಎರಡು ಬಾರಿ ಕೊಟ್ಟರೆ, ಕೂಸಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬುತ್ತದೆ. ಬೇಳೆ, ಮೊಟ್ಟೆ, ತುಪ್ಪ, ಸೊಪ್ಪು, ಹಣ್ಣು ಸೇರಬೇಕು. ಸರಿ ಚಮಚದಿಂದ ಜಾರದಷ್ಟು ಗಟ್ಟಿಯಾಗಿರಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಯಾರಾದರೂ ಕೂತು ತಿನ್ನಿಸಬೇಕು. ಕೂಲಿಗೆ ಹೋಗುವ ತಾಯಿಗೆ ಈ ಕೊನೆಯದೇ ಕಷ್ಟ.

ಅಂಗನವಾಡಿಯ ಬಿಸಿಯೂಟ ಸಿಗುವುದು ಮೂರು ದಾಟಿ ಅಲ್ಲಿಗೆ ಬಂದು ಕೂರುವ ಮಕ್ಕಳಿಗೆ. ಮೂರರೊಳಗಿನ ಮಗುವಿಗೆ ಸಿಗುವುದು ಮನೆಗೆ ಒಯ್ಯುವ ಪ್ಯಾಕೆಟ್. ಮನೆಗೆ ಹೋದ ಪ್ಯಾಕೆಟ್ ಮನೆಯವರೆಲ್ಲರ ಪಾಲಾಗುವುದು ಬಡತನದಲ್ಲಿ ಸಹಜ. ಬೆಳವಣಿಗೆ ಜಾರುವ ವಯಸ್ಸಿನಲ್ಲಿ ಮಗು ವ್ಯವಸ್ಥೆಯ ಕಣ್ಣಿಗೆ ತಿಂಗಳಿಗೊಮ್ಮೆ, ಅಳತೆಯ ದಿನ ಮಾತ್ರ ಬೀಳುತ್ತದೆ. ವ್ಯವಸ್ಥೆ ಅದನ್ನು ದಿನವೂ ನೋಡತೊಡಗುವ ಹೊತ್ತಿಗೆ ಜಾರಿದ್ದರಲ್ಲಿ ಹೆಚ್ಚಿನದು ಆಗಿಹೋಗಿರುತ್ತದೆ. ಚಿಕ್ಕ ಕೂಸುಗಳನ್ನು ಹಗಲು ನೋಡಿಕೊಂಡು ತಿನ್ನಿಸುವ ಕೂಸಿನ ಮನೆಗಳು ಕರ್ನಾಟಕದ ಹಳ್ಳಿಗಳಲ್ಲಿ ಶುರುವಾಗಿರುವುದು ಈ ಕಾರಣಕ್ಕೆ ದೊಡ್ಡ ಹೆಜ್ಜೆ. ಅಲ್ಲಿ ಕೂಸಿಗೆ ಏನು, ಎಷ್ಟು ಬಾರಿ, ಎಷ್ಟು ಗಟ್ಟಿಯಾಗಿ ಉಣಿಸುತ್ತಾರೆ ಎಂಬುದು ಚಾರ್ಟಿನ ಬಣ್ಣಕ್ಕಿಂತ ಹೆಚ್ಚು ಚರ್ಚೆಯಾಗಬೇಕಿತ್ತು.

ಭಾರತದ ಮಕ್ಕಳ ಬಗ್ಗೆ ಭಾರತವೇ ದೊಡ್ಡ ಅಧ್ಯಯನ ಮಾಡುವುದರಲ್ಲಿ ತಪ್ಪಿಲ್ಲ, ಮಾಡಲೇಬೇಕು. ಆದರೆ ಅದಕ್ಕೆ ಆರಿಸುವ ಮಕ್ಕಳು ಎಂಥವರು ಎಂಬುದರಲ್ಲೇ ಎಲ್ಲವೂ ಇದೆ. ಈಗಿರುವ ಮಕ್ಕಳ ಸರಾಸರಿ ತೆಗೆದರೆ ಈಗಿರುವ ಹಸಿವೇ ಚಾರ್ಟ್ ಆಗುತ್ತದೆ. ಶುದ್ಧ ನೀರು, ಆರೋಗ್ಯವಂತ ತಾಯಿ, ಸಾಕಷ್ಟು ಊಟ ಎಲ್ಲ ಇರುವ ಮಕ್ಕಳನ್ನು ದೇಶದ ಎಲ್ಲ ದಿಕ್ಕುಗಳಿಂದ ಹುಡುಕಿ ಅಳೆದರೆ ಮಾತ್ರ ಅದು ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 1997ರಲ್ಲಿ ಅಳೆಯಲು ಶುರುಮಾಡಿದ್ದು ಚಾರ್ಟ್ ಆಗಿ ಕೈಗೆ ಬಂದದ್ದು 2006ರಲ್ಲಿ. ನಮ್ಮದೂ ಅಷ್ಟೇ ಕಾಲ ಹಿಡಿದರೆ, ಈ ವಾರ ಯಾದಗಿರಿಯಲ್ಲಿ ಹುಟ್ಟುವ ಮಗು ಹೊಸ ಚಾರ್ಟ್ ಬರುವ ಹೊತ್ತಿಗೆ ಮೂರನೇ ತರಗತಿಯಲ್ಲಿರುತ್ತದೆ. ಅದರ ಮೊದಲ ತುತ್ತು, ಮೊದಲ ಹಲ್ಲು, ಮೊದಲ ಹೆಜ್ಜೆಯ ಎರಡು ವರ್ಷಗಳು ಈಗಿರುವ ಚಾರ್ಟಿನ ಮೇಲೆಯೇ ಕಳೆದಿರುತ್ತವೆ.